ಊದುವವರು ಬೇಡ

ಪಿಟೀಲಿನ ತಮ್ಮನಿಗೆ,

ಎದುರಿಗೆ ಹೇಳಿದರೆ ಜಗಳವಾಗುತ್ತದೆಂದು ಈ ಪತ್ರವನ್ನು ನಿನ್ನ ಪಿಟೀಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದೇನೆ.

ಊರಿನ ವಾದ್ಯದವರೆಲ್ಲ ಸೇರಿ, ಜ್ವರದವರಿಗಾಗಿ ಆಸ್ಪತ್ರೆಯ ಅಂಗಳದಲ್ಲಿ ದಿನವೂ ನುಡಿಸೋಣ ಎಂದವಳು ನಾನು. ಮಾಸ್ಕ್ ಹಾಕಿಕೊಂಡು ಕೊಳಲು ಊದುವುದು ಹೇಗೆ ಎಂದು ಮಾತ್ರ ಯೋಚಿಸಲಿಲ್ಲ. "ಊದೋರು ಬೇಡಮ್ಮ, ತಂತಿಯೋರು ಸಾಕು" ಎಂದುಬಿಟ್ಟರು ಡಾಕ್ಟರು. ಈಗ ನೀನು ಎಲ್ಲರ ನಡುವೆ ಕೂರುತ್ತೀಯ. ನಾನು ಗೇಟಿನಲ್ಲಿ ನಿಂತು ಬಂದವರ ಕೈಗೆ ಸೋಪಿನ ನೀರು ಹಾಕುತ್ತೇನೆ. ಕಿಟಕಿಗಳಿಂದ ನಿನಗೆ ಚಪ್ಪಾಳೆ ಬಿದ್ದಾಗಲೆಲ್ಲ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತದೆ. ಅದೂ ನಾನೇ ಕಲಿಸಿದ ರಾಗಕ್ಕೆ!

ನಿನ್ನೆ ನಾನು ಫೋನು ಮಾಡಿದಾಗ ನರ್ಸು ಅದನ್ನು ವಾರ್ಡಿನಲ್ಲಿ ಮಲಗಿರುವ ನಮ್ಮ ಅಮ್ಮನ ಕಿವಿಗೆ ಹಿಡಿದಳು. ಮೂರನೇ ಮಹಡಿ, ಮುಚ್ಚಿದ ಕಿಟಕಿ, ಮೈಯೆಲ್ಲ ಕಾವು. ಆದರೂ ಅಮ್ಮ ಹೇಳಿದಳು: "ದಿನಾ ನಿನ್ನ ಕೊಳಲು ಕೇಳಿಸ್ತಿದೆ ಮಗಳೇ. ಅದಕ್ಕೇ ಜೀವ ಹಿಡ್ಕೊಂಡಿದೀನಿ. ನಿನ್ನ ತಮ್ಮ ಎಲ್ಲಿ ಹಾಳಾಗಿ ಹೋದ?"

ನನಗೆ ಖುಷಿಯೇ ಆಯಿತು, ಸುಳ್ಳೇಕೆ ಹೇಳಲಿ. ನಾನು ತಿದ್ದಲಿಲ್ಲ. ನೀನೂ ತಿದ್ದಬೇಡ.

ನಾಳೆ ಸ್ವಲ್ಪ ನಿಧಾನವಾಗಿ ನುಡಿಸು. ನಾನು ಉಸಿರೆಳೆದುಕೊಳ್ಳುವ ಕಡೆಯಲ್ಲೆಲ್ಲ ನೀನು ಕಮಾನು ಎತ್ತು.

ಹೊಟ್ಟೆಯುರಿ ಇನ್ನೂ ಆರದ,
ನಿನ್ನ ಅಕ್ಕ