ಹಡಗು ಹೊರಟ ದಿನ ಒಗೆದ ಅಂಗಿ

ಹಲ್, ಇಂಗ್ಲೆಂಡ್,
೧೪ ನವೆಂಬರ್ ೨೦೧೧

ಪ್ರೀತಿಯ ಸಾಂಡ್ರಾ,

'ಪ್ರೀತಿಯ' ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಕೂತಿದ್ದೆ. ಇರಲಿ, ಹೊಡೆದುಹಾಕುವುದಿಲ್ಲ.

ನಮ್ಮೂರ ಪತ್ರಿಕೆಯಲ್ಲಿ ಬಂದ ನಿನ್ನ ಬರಹ ಓದಿದೆ. ಪಕ್ಕದ ಮನೆಯ ಮಾರ್ಜರಿ ತಂದುಕೊಟ್ಟಳು. "ನಿನ್ನ ತಂಗಿ ಏನ್ ಚೆಂದ ಬರೀತಾಳೆ ಕಣೇ ಎನಿಡ್, ಓದ್ತಾ ಓದ್ತಾ ಬಾಯಲ್ಲೂ ನೀರು, ಕಣ್ಣಲ್ಲೂ ನೀರು" ಅಂದಳು. ನಿಜ, ಚೆಂದ ಬರೆದಿದ್ದೀಯ. ಶುಕ್ರವಾರದ ಆಲೂಗಡ್ಡೆ ಪ್ಯಾಟಿ, ಅದರ ಮೇಲೆ ಅಂಗಡಿಯವನು ಬಿಟ್ಟಿಯಾಗಿ ಸುರಿಯುತ್ತಿದ್ದ ಕರಿದ ಹಿಟ್ಟಿನ ಚೂರು, ಕಾಗದದಾಚೆಗೂ ಇಳಿಯುತ್ತಿದ್ದ ವಿನೆಗರ್. ಅಕ್ಟೋಬರ್ ಜಾತ್ರೆಯ ದಾಳಿಂಬೆಯನ್ನು ಗುಂಡುಸೂಜಿಯಿಂದ ಒಂದೊಂದೇ ಕಾಳು ಚುಚ್ಚಿ ವಾರವಿಡೀ ತಿಂದದ್ದು. ಶನಿವಾರ ಬೆಳಗಿನ ಮಕ್ಕಳ ಸಿನಿಮಾದಲ್ಲಿ ರೀಲು ತುಂಡಾದಾಗ ಎಲ್ಲರೂ ನೆಲ ಒದ್ದದ್ದು. ಅಪ್ಪ ಮೂರು ವಾರ ಕಡಲಲ್ಲಿ ಮೀನು ಹಿಡಿದು ಮೂರು ದಿನ ಮನೆಗೆ ಬಂದರೆ ಬೀದಿಯ ತುದಿಯ ಅಂಗಡಿಗೂ ಟ್ಯಾಕ್ಸಿಯಲ್ಲೇ ಹೋಗುತ್ತಿದ್ದದ್ದು. ಮೂರು ದಿನದ ಸಾಹುಕಾರ ಎಂದು ನಮ್ಮ ಹೆಸ್ಲ್ ರೋಡಿನವರು ಮೀನಿನ ಹಡಗಿನವರನ್ನೆಲ್ಲ ಸುಮ್ಮನೆ ಕರೆಯುತ್ತಿರಲಿಲ್ಲ. ಎಲ್ಲ ಹಾಗೆಯೇ ಇತ್ತು.

ಅಕ್ಕನಿಗೆ ಸಿನಿಮಾ ಅಷ್ಟಾಗಿ ಹಿಡಿಸುತ್ತಿರಲಿಲ್ಲ ಎಂದು ಬರೆದಿದ್ದೀಯ. ನನಗೆ ಸಿನಿಮಾ ಎಂದರೆ ಪ್ರಾಣವಾಗಿತ್ತು. ಹದಿನೈದಕ್ಕೆ ಅಮ್ಮ ನನ್ನನ್ನು ಹೆರಿಂಗ್ ಮೀನು ಸೀಳಿ ಹೊಗೆಗೆ ಹಾಕುವ ಕಾರ್ಖಾನೆಗೆ ಸೇರಿಸಿದಳಲ್ಲ, ಆ ವಾಸನೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಟಾಕೀಸಿನಲ್ಲಿ ನಾನು ಕೂತರೆ ಪಕ್ಕದವರು ಕೋಟು ಎತ್ತಿಕೊಂಡು ಬೇರೆ ಸಾಲಿಗೆ ಹೋಗುತ್ತಿದ್ದರು. ಎರಡು ಸಲ ಹಾಗಾದ ಮೇಲೆ ಹೋಗುವುದನ್ನೇ ಬಿಟ್ಟೆ. ಇದು ನಿನಗೆ ತಿಳಿದಿರಲಾರದು. ಇದಕ್ಕೆ ನಿನ್ನ ಮೇಲೆ ಕೋಪವಿಲ್ಲ.

ಈ ಕಾಗದ ಬರೆಯುತ್ತಿರುವುದು ನಿನ್ನ ಬರಹದ ಕೊನೆಯ ಸಾಲುಗಳಿಗಾಗಿ. ಅಪ್ಪ ಕೊನೆಯ ಸಲ ಹೊರಟ ಬೆಳಿಗ್ಗೆ ನೀನು ಅವನು ತಂದ ಗೊಂಬೆಯ ಅಂಗಿಯನ್ನು ಬಚ್ಚಲಲ್ಲಿ ಒಗೆದು, ಸ್ಟೂಲು ಹತ್ತಿ, ಹಿತ್ತಲ ಹಗ್ಗಕ್ಕೆ ಹಾಕಿದೆಯಂತೆ. ಗಾಳಿಗೆ ಅದು ಪುಟ್ಟ ಹಾಯಿಯ ಹಾಗೆ ಹಾರಾಡುತ್ತಿತ್ತಂತೆ. 'ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲೇ ಇಲ್ಲ' ಎಂದು ಮುಗಿಸಿದ್ದೀಯ. ಓದಿದವರು ನಕ್ಕಿರುತ್ತಾರೆ.

ಸಾಂಡ್ರಾ, ನಲವತ್ತು ವರ್ಷ ಬಾತ್ ಊರಿನಲ್ಲಿದ್ದು ನಮ್ಮ ಬೀದಿಯ ಕಟ್ಟಳೆ ಮರೆತೆಯಾ? ಗಂಡಸು ಕಡಲಿಗೆ ಹೊರಟ ದಿನ ಮನೆಯಲ್ಲಿ ಒಂದು ಕರವಸ್ತ್ರವನ್ನೂ ಒಗೆಯುತ್ತಿರಲಿಲ್ಲ. ಒಗೆದರೆ ಅವನನ್ನೇ ನೀರುಪಾಲು ಮಾಡಿದ ಹಾಗೆ. ನಾನು ಅದನ್ನು ನಂಬುವವಳಲ್ಲ. ಐಸ್ಲೆಂಡಿನ ಆಚೆ ಹಗ್ಗ, ಕಂಬಗಳ ಮೇಲೆ ಹಿಮ ಗಡ್ಡೆಕಟ್ಟಿ ಹಡಗು ಮಗುಚಿತು, ಇಪ್ಪತ್ತು ಜನ ಹೋದರು. ಗೊಂಬೆಯ ಅಂಗಿಗೆ ಹಡಗು ಮುಳುಗುವುದಿಲ್ಲ. ಆದರೆ ಅಮ್ಮ ನಂಬುತ್ತಿದ್ದಳು.

ಸುದ್ದಿ ಬಂದ ವಾರ ಅಪ್ಪನ ತಂಗಿ ಆಗ್ನೆಸ್ ಅತ್ತೆ ಅಡುಗೆಮನೆಗೆ ಬಂದಳಲ್ಲ. ಟೋಪಿಯನ್ನೂ ತೆಗೆಯದೆ ನಿಂತೇ ಅಮ್ಮನಿಗೆ ಹೇಳಿದಳು.

"ಅಣ್ಣ ಹೊರಟ ದಿನ ನಿಮ್ಮ ಹಿತ್ತಲಲ್ಲಿ ಬಟ್ಟೆ ಒಣಗ್ತಿತ್ತು, ಹಿಲ್ಡಾ. ಓಣೀಲಿ ಹೋಗ್ತಾ ನಾನೇ ಕಣ್ಣಾರೆ ನೋಡಿದೆ."

ಮನೆಯ ಬಟ್ಟೆ ಒಗೆಯುವ ಕೆಲಸ ನನ್ನದಾಗಿತ್ತು. ಅಮ್ಮ ನನ್ನ ಕಡೆ ತಿರುಗಿದಳು. ನಾನು ಏನೂ ಒಗೆದಿಲ್ಲ ಎಂದೆ, ಬೈಬಲ್ ಮುಟ್ಟುತ್ತೇನೆ ಎಂದೆ. ಅಮ್ಮ ಕೂಗಾಡಲಿಲ್ಲ. "ಇನ್ಮೇಲೆ ನನ್ನ ಬಟ್ಟೆ ಮುಟ್ಟಬೇಡ" ಅಂದಳು, ಅಷ್ಟೇ.

ಆಗ ನನಗೆ ಹದಿನಾಲ್ಕು, ನಿನಗೆ ಎಂಟು. ನೀನು ಒಲೆಯ ಮುಂದೆ ಕೂತು ಚಿತ್ರಪುಸ್ತಕ ನೋಡುತ್ತಿದ್ದೆ. ಪುಟ ತಿರುಗಿಸಲಿಲ್ಲ. ಪಾಪ, ಮಗು ಹೆದರಿದೆ ಎಂದುಕೊಂಡು ಆ ರಾತ್ರಿ ನಿನ್ನನ್ನು ತಬ್ಬಿಕೊಂಡು ಮಲಗಿದ್ದೆ.

ಎಂಟು ವರ್ಷದ ಮಗು ಹೆದರಿ ಸುಮ್ಮನಿದ್ದರೆ ಅದು ತಪ್ಪಲ್ಲ. ಹದಿನೆಂಟಕ್ಕೆ? ಮೂವತ್ತಕ್ಕೆ? ಅಮ್ಮ ನನ್ನ ಕೈಯ ಅಡುಗೆ ಉಂಡಳು, ನಾನು ಗುಡಿಸಿದ ಮನೆಯಲ್ಲಿದ್ದಳು, ಆದರೆ ಬೆರಳು ಸೊಟ್ಟಗಾದ ಮೇಲೂ ತನ್ನ ಬಟ್ಟೆ ತಾನೇ ಒಗೆದುಕೊಂಡಳು. ಬೇಸಿಗೆ ರಜೆಗೆ ಬಂದಾಗ ನೀನು ಅದನ್ನು ನೋಡಿ, "ಅಕ್ಕ, ಅಮ್ಮನಿಗೆ ಒಂದು ಕೈ ನೆರವಾಗಬಾರದಾ?" ಎಂದು ನನಗೇ ಹೇಳಿದ್ದೆ.

ರಾನ್ ನೆನಪಿರಬೇಕು, ಮುಂದಿನ ಬೀದಿಯವನು, ತಿಳಿನೀಲಿ ಸೂಟಿನವನು. ಜಾತ್ರೆಯಲ್ಲಿ ನನಗೆ ಉಂಗುರ ತೊಡಿಸಿದ್ದ. ಅವನೂ ಮೀನಿನ ಹಡಗಿನವನೇ. ಬಟ್ಟೆಯ ಮಾತು ಅವನ ತಾಯಿಯ ಕಿವಿಗೆ ಬಿತ್ತು. ಅವನು ಬಂದು ತಲೆ ತಗ್ಗಿಸಿ ನಿಂತು, "ನಾನು ನಂಬಲ್ಲ ಎನಿಡ್. ಆದ್ರೆ ನಾನು ಹೊರಟಾಗೆಲ್ಲ ನಮ್ಮಮ್ಮ ಅಳ್ತಾಳೆ" ಅಂದ. ಉಂಗುರ ಕೊಟ್ಟುಬಿಟ್ಟೆ. ನಿನ್ನ ಬರಹದಲ್ಲಿ ಅವನೂ ಇದ್ದಾನೆ, ನಿನಗೆ ಟಾಫಿ ಸೇಬು ಕೊಡಿಸಿದ ನಗುಮುಖದ ಹುಡುಗನಾಗಿ. ಅವನಿಗೆ ಹೆಸರಿಲ್ಲ.

ಇಷ್ಟು ವರ್ಷವೂ ಆಗ್ನೆಸ್ ಅತ್ತೆ ಸುಳ್ಳು ಹೇಳಿದಳು ಎಂದೇ ನಂಬಿದ್ದೆ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸಿದೆ. ಅವಳು ಸತ್ತಾಗ ಮಣ್ಣಿಗೂ ಹೋಗಲಿಲ್ಲ. ಪಾಪದ ಹೆಂಗಸು, ಕಂಡದ್ದನ್ನೇ ಹೇಳಿದ್ದಳು.

'ಗೊತ್ತಾಗಲೇ ಇಲ್ಲ' ಎಂಬ ಮಾತಿಗೇ ನಾನು ಮತ್ತೆ ಮತ್ತೆ ಬಂದು ನಿಲ್ಲುತ್ತೇನೆ. ಗೊತ್ತಾಗಬಾರದ್ದು ಎಂದು ನಿನಗೆ ತಿಳಿದಿದ್ದರೆ ತಾನೇ ಆ ಮಾತು ಬರುವುದು? ಇದಕ್ಕೆ ಉತ್ತರ ಬರೆಯಬೇಡ. ಚೆಂದ ಬರೆದುಬಿಡುತ್ತೀಯ.

ಪತ್ರಿಕೆಯವರು ಫೋನು ಮಾಡಿದ್ದರು. ನಿನ್ನ ಬರಹ ಬಹಳ ಜನಕ್ಕೆ ಮೆಚ್ಚುಗೆಯಾಗಿದೆಯಂತೆ, ಅಕ್ಕನ ನೆನಪುಗಳೂ ಇದ್ದರೆ ಕೊಡಿ ಎಂದರು. ನನಗೆ ಅಂಥವು ಯಾವುವೂ ನೆನಪಿಲ್ಲ ಎಂದೆ. ಕ್ರಿಸ್‌ಮಸ್ಸಿಗೆ ಬರುತ್ತೇನೆ ಎಂದಿದ್ದೆಯಲ್ಲ, ಈ ಸಲ ಬರಬೇಡ. ಮುಂದಿನ ಸಲವೂ ಕೇಳಿಕೊಂಡು ಬಾ.

ಚಳಿ ಜೋರಾಗಿದೆ. ಎದೆ ಬೆಚ್ಚಗಿಟ್ಟುಕೋ, ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ.

ನಿನ್ನ ಅಕ್ಕ,
ಎನಿಡ್

ತಾ.ಕ.: ಅಮ್ಮನ ಕೊನೆಗಾಲಕ್ಕೆ ನಿನಗೆ ಬಂದು ತಲುಪಲಾಗಲಿಲ್ಲ ಎಂದು ಮಣ್ಣಿನ ದಿನ ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದೆಯಲ್ಲ, ಅದರ ಬಗ್ಗೆ ಒಂದು ಮಾತು. ಕೊನೆಯ ಎರಡು ದಿನ ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ನನ್ನ ಕೈ ತಡವಿ, "ಸಾಂಡ್ರಾ ಬಂದ್ಯಾ?" ಎಂದು ಕೇಳಿದಳು. ಹೂಂ ಎಂದೆ. "ಅವಳು ಇಲ್ಲಿಲ್ಲ ತಾನೇ?" ಎಂದಳು. ಇಲ್ಲಮ್ಮಾ ಎಂದೆ. ಆಮೇಲೆ ಅಮ್ಮ ನನ್ನ ತಲೆ ಸವರಿದಳು, ಕೆನ್ನೆಗೆ ಮುತ್ತಿಟ್ಟಳು, ಉಸಿರು ನಿಲ್ಲುವವರೆಗೂ ಕೈ ಬಿಡಲಿಲ್ಲ. ಆದ್ದರಿಂದ ನೀನು ಕೊರಗಬೇಡ. ಅಮ್ಮ ಸಾಯುವಾಗ ಪಕ್ಕದಲ್ಲಿದ್ದದ್ದು ನೀನೇ.