ಮೂವತ್ತು ದಿನದ ಅತಿಥಿ

ನಜರ್‌ಬಾದ್, ಮೈಸೂರು
14 ಜುಲೈ 2025

ಪ್ರೀತಿಯ ಪ್ರಸಾದ್,

ಕಲಬುರಗಿಯ ಸೆಕೆ ಸ್ವಲ್ಪವಾದರೂ ಇಳಿಯಿತೇ? ತರಬೇತಿ ಹಾಸ್ಟೆಲಿನ ಊಟ ಹೊಟ್ಟೆಗೆ ಒಗ್ಗದಿದ್ದರೆ ಮಾತ್ರೆ ನೀಲಿ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ. ನಿಮ್ಮ ಅಮ್ಮ ಈಗ ಚೆನ್ನಾಗಿದ್ದಾರೆ. ‘ಈಗ’ ಎಂದೇಕೆ ಬರೆದೆ ಎಂಬುದನ್ನು ಫೋನಿನಲ್ಲಿ ಹೇಳಿದರೆ ನೀವು ನಗುತ್ತೀರಿ, ಜೊತೆಗೆ ನಾನೂ ನಕ್ಕು ಸುಮ್ಮನಾಗುತ್ತೇನೆ. ಅದಕ್ಕೇ ಈ ಕಾಗದ.

ಶುಕ್ರವಾರ ಬೆಳಿಗ್ಗೆ ಆರಕ್ಕೇ ಅಮ್ಮನನ್ನು ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿದ್ದೆ. ಏಳೂವರೆಗೆ ಹಿಂತಿರುಗಿ, ನೀವು ಕಲಬುರಗಿಗೆ ಹೊರಡುವ ಹಿಂದಿನ ದಿನ ಕೂರಿಸಿದ ಆ ಸ್ಮಾರ್ಟ್ ಬೀಗಕ್ಕೆ ಬೆರಳಿಟ್ಟೆ. ಕೆಂಪು ದೀಪ. ‘ಅತಿಥಿಯ ಅವಧಿ ಮುಗಿದಿದೆ. ಮಾಲೀಕರಿಗೆ ಕೋರಿಕೆ ಕಳಿಸಲಾಗಿದೆ.’ ಹನ್ನೊಂದು ವರ್ಷದಿಂದ ಈ ಮನೆಯ ಹೊಸ್ತಿಲು ಸಾರಿಸುತ್ತಿರುವವಳು ನಾನು. ನೀವು ನನ್ನನ್ನು ಮೂವತ್ತು ದಿನದ ಅತಿಥಿಯೆಂದು ಬರೆಸಿದ್ದಿರಿ. ಅಮ್ಮನ ಬೆರಳನ್ನಂತೂ ಅದು ಓದುವುದೇ ಇಲ್ಲ; ವರ್ಷಾನುಗಟ್ಟಲೆ ವಿಭೂತಿ ಗಟ್ಟಿ ತಿಕ್ಕಿ ರೇಖೆಗಳು ಸವೆದಿವೆ. ಮಾಲೀಕರ ಫೋನ್ ತರಗತಿಯಲ್ಲಿ ಆಫ್ ಆಗಿತ್ತು.

ಎದುರುಮನೆಯ ಮಂಜುಶ್ರೀ ಕಾಫಿ, ಇಡ್ಲಿ ತಂದರು. ಸ್ನಾನ, ಲಿಂಗಪೂಜೆ ಆಗದೆ ಅಮ್ಮ ಹನಿ ನೀರೂ ಮುಟ್ಟುವವರಲ್ಲ, ನಿಮಗೆ ಗೊತ್ತು. “ನಮ್ಮನೇಲೇ ಸ್ನಾನ ಮಾಡಿ ಪೂಜೆ ಮಾಡ್ಕೊಳ್ಳಿ ಅತ್ತೆ” ಎಂದು ಮಂಜುಶ್ರೀ ಕರೆದದ್ದಕ್ಕೆ, “ನನ್ನ ಮನೆ ಬಾಗ್ಲಲ್ಲೇ ಕೂತು ಇನ್ನೊಬ್ರ ಬಚ್ಚಲಿಗೆ ಹೋಗ್ಲಾ? ಬುಡು ಕಣಮ್ಮ” ಎಂದರು. ಒಂಬತ್ತರ ಹೊತ್ತಿಗೆ ಅವರ ಕೈ ನಡುಗತೊಡಗಿತು. ಮೆಟ್ಟಿಲ ಮೇಲೆ ನನ್ನ ಭುಜಕ್ಕೆ ಒರಗಿಬಿಟ್ಟರು. ಬಾಯಿಗೆ ಸಕ್ಕರೆ ಹಾಕಲು ಹೋದರೆ ತುಟಿ ಬಿಗಿದರು.

ಮಂಜುಶ್ರೀ ಮಂಡಿ ಮೊಹಲ್ಲಾದಿಂದ ಬೀಗ ರಿಪೇರಿಯ ಲಿಂಗರಾಜು ಅವರನ್ನು ಕರೆಸಿದರು. ಅವರು ಉಪಕರಣದ ಚೀಲ ಬಿಚ್ಚಲೂ ಇಲ್ಲ. ಒಂದರಿಂದ ಆರರವರೆಗೆ ಸಾಲಾಗಿ ಒತ್ತಿದರು, ಬಾಗಿಲು ತೆರೆಯಿತು. “ಕಂಪನಿಯೋರು ಹಾಕಿ ಕಳ್ಸಿರೋ ನಂಬರ್ರು ಅಕ್ಕ. ಇದನ್ನ ಬದಲಾಯ್ಸೋರೇ ಇಲ್ಲ ಕಣ್ರೀ” ಎಂದರು, ನಾಚಿಕೊಂಡಂತೆ.

ಸ್ನಾನ, ಪೂಜೆ ಮುಗಿಸಿ ಅಮ್ಮ ಎರಡು ಇಡ್ಲಿ ತಿಂದ ಮೇಲೆ ನನಗೆ ಉಸಿರು ಬಂತು. ಹನ್ನೊಂದಕ್ಕೆ ನೀವು ಫೋನ್ ಮಾಡಿ “ಬಾಗ್ಲು ತೆಗೀತಾ?” ಎಂದಿರಿ. ಹೂಂ ಎಂದೆ. ತೆಗೆದದ್ದು ಯಾರು ಎಂದು ನೀವು ಕೇಳಲಿಲ್ಲ. ಒಂದು ತಿಂಗಳು ಈ ಬಾಗಿಲು ದಾರಿಯಲ್ಲಿ ಹೋಗುವ ಯಾರಿಗಾದರೂ ತೆರೆಯುತ್ತಿತ್ತು, ನನ್ನೊಬ್ಬಳಿಗೆ ಮಾತ್ರ ಲೆಕ್ಕದ ದಿನ. ಭದ್ರತೆಯೆಂದರೆ ಇದೇ ಆದರೆ ನಮ್ಮ ಹಳೆಯ ಚಿಲಕಕ್ಕೆ ಇದಕ್ಕಿಂತ ಮರ್ಯಾದೆ ಇತ್ತು.

ಅಮ್ಮ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬಿಸಿಲಲ್ಲಿ ತಿರುಗಬೇಡವಂತೆ.

ನಿಮ್ಮ
ಪ್ರೇಮಲೀಲಾ

ಮರೆತಿದ್ದೆ: ಕಂಪನಿಯ ಆ ಸಂಖ್ಯೆಯಿಂದಲೇ ಮಾಲೀಕರನ್ನೂ ಬದಲಿಸಬಹುದಂತೆ; ಲಿಂಗರಾಜು ಅವರಿಂದ ಕೇಳಿ ಕಲಿತು ಬದಲಿಸಿ, ಆಮೇಲೆ ಅದನ್ನು ಅಳಿಸಿದ್ದೇನೆ. ಬೀಗದ ಮಾಲೀಕರು ಈಗ ಇಬ್ಬರು, ಅಮ್ಮ ಮತ್ತು ನಾನು. ಅಮ್ಮನಿಗೆ ಬೆರಳು ಬೇಡ, ಅವರದೇ ಸಂಖ್ಯೆ ಇದೆ. ನಿಮ್ಮನ್ನು ಅತಿಥಿಯೆಂದು ಸೇರಿಸಿದ್ದೇನೆ, ಅವಧಿ ಶುಕ್ರವಾರಕ್ಕೆ ಮುಗಿಯುತ್ತದೆ. ಶನಿವಾರ ಬಂದಾಗ ಬೆರಳಿಡಿ, ಕೋರಿಕೆ ನನಗೆ ಬರುತ್ತದೆ. ನಾನು ಫೋನ್ ಆಫ್ ಮಾಡುವುದಿಲ್ಲ.