ಗ್ಯಾಸ್ ಅಲ್ಲ, ನನ್ನ ಕರುಳು ಸಾಯುತ್ತಿತ್ತು

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಕರುಳು ಹೊಟ್ಟೆಯೊಳಗೆ ತಿರುಚಿಕೊಂಡು ಕಪ್ಪಾಗುತ್ತಿದ್ದಾಗ ತಮ್ಮ ಸುಪರ್ದಿಯ ಆಸ್ಪತ್ರೆಯೊಂದರಲ್ಲಿ ನನಗೆ ಸಿಕ್ಕಿದ್ದು ಗ್ಯಾಸಿನ ಇಂಜೆಕ್ಷನ್ನು ಮತ್ತು "ಖಾರ ಕಡಿಮಿ ತಿನ್ರಿ" ಎಂಬ ಉಪದೇಶ. ಸತ್ತಿದ್ದರೆ ತಮ್ಮ ಕಡತದಲ್ಲಿ 'ಹೊಟ್ಟೆನೋವು' ಎಂದು ಬರೆದು ಮುಗಿಸಬಹುದಿತ್ತು. ಬದುಕಿ ತಮಗೆ ತೊಂದರೆ ಕೊಡುತ್ತಿದ್ದೇನೆ.

ನಾನು ಸುವರ್ಣಾ, ಇಂಗಳೇಶ್ವರದ ಹತ್ತಿರ ಶಾಲಾ ಶಿಕ್ಷಕಿ. ಎರಡು ವರ್ಷದ ಹಿಂದೆ ನನ್ನ ತೂಕ ನೂರಾ ಹದಿನೆಂಟು ಕಿಲೋ, ಜೊತೆಗೆ ಸಕ್ಕರೆ ಕಾಯಿಲೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ತೂಕ ಇಳಿಸುವ ಆಪರೇಷನ್ನಿನ ಜಾಹೀರಾತು. ದೂರದ ನಗರಕ್ಕೆ ಹೋಗಿ ಮಾಡಿಸಿಕೊಂಡೆ. ಜಠರ ಸಣ್ಣದು ಮಾಡಿ ಕರುಳಿಗೆ ಹೊಸ ದಾರಿ ಜೋಡಿಸಿದರು. ನಲವತ್ತು ಕಿಲೋ ಇಳಿಯಿತು, ಸಕ್ಕರೆಯ ಮಾತ್ರೆ ನಿಂತಿತು. ಆ ವೈದ್ಯರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಮುಂದೆ ತೊಂದರೆಯಾದರೆ ಎಲ್ಲಿಗೆ ಹೋಗಬೇಕೆಂದು ಯಾವ ಗೋಡೆಯ ಮೇಲಾದರೂ ಬರೆದಿದೆಯೇ?

ಕಳೆದ ಶ್ರಾವಣದ ಒಂದು ಸೋಮವಾರ, ಶಾಲೆಯಲ್ಲಿ ಪ್ರಾರ್ಥನೆ ಮುಗಿಯುತ್ತಿದ್ದಂತೆ ಹೊಕ್ಕುಳ ಮೇಲೆ ಹಗ್ಗ ಕಟ್ಟಿ ಹಿಂಡಿದಂಥ ನೋವು. ವಾಂತಿಗೆ ಹೋದರೆ ಬರೀ ಓಕರಿಕೆ. ನನ್ನ ಗಂಡ ಅಮೋಘಸಿದ್ಧ ನನ್ನನ್ನು ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯರು ಹೊಟ್ಟೆ ಒತ್ತಿ ನೋಡಿದರು.

"ಹೊಟ್ಟಿ ಮೆತ್ತಗ ಐತ್ರಿ. ಗ್ಯಾಸ್ ಅಷ್ಟ."

"ಸರ, ನನಗ ಹೋದ ವರ್ಷ ತೂಕ ಇಳಿಸೋ ಆಪರೇಷನ್ ಆಗೇತ್ರಿ."

"ಅದಾಗಿ ವರ್ಷದ ಮ್ಯಾಲಾತಲ್ರಿ ಟೀಚರ್? ಅದಕ್ಕೂ ಇದಕ್ಕೂ ಸಂಬಂಧಿಲ್ಲ. ಮನಿಗಿ ಹೋಗ್ರಿ."

ಹೋದೆವು. ಮಧ್ಯಾಹ್ನದ ಹೊತ್ತಿಗೆ ಮಲಗಲಾರದೆ ನೆಲಕ್ಕೆ ಮೊಣಕಾಲೂರಿ ಕುಳಿತಿದ್ದೆ. ಮೈಯೆಲ್ಲ ತಣ್ಣನೆಯ ಬೆವರು.

"ನಿನ್ನ ಮಾರಿ ಬೂದಿ ಆಗೇತಿ. ಇನ್ನ ಯಾರ ಮಾತೂ ಕೇಳಂಗಿಲ್ಲ ನಾ," ಎಂದು ಅಮೋಘಸಿದ್ಧ ಗೆಳೆಯನ ಜೀಪು ತರಿಸಿ ವಿಜಯಪುರಕ್ಕೆ ಹೊರಡಿಸಿದರು. ರಸ್ತೆಯ ಪ್ರತಿ ತಗ್ಗಿಗೂ ಚೀರುತ್ತಿದ್ದೆ. ಆಮೇಲೆ ಚೀರುವುದೂ ನಿಂತಿತು. ಅವರು ನಿಜವಾಗಿ ಹೆದರಿದ್ದು ಆಗಲೇ ಅಂತೆ.

ಅಲ್ಲಿನ ದೊಡ್ಡ ಆಸ್ಪತ್ರೆಯ ಶಸ್ತ್ರವೈದ್ಯೆ ಹೊಟ್ಟೆಯ ಮೇಲೆ ಹಳೆಯ ಆಪರೇಷನ್ನಿನ ಸಣ್ಣ ಸಣ್ಣ ಗಾಯದ ಗುರುತು ಕಂಡ ಕೂಡಲೇ ಸ್ಕ್ಯಾನಿಗೆ ಕಳಿಸಿದರು. ತೂಕ ಇಳಿದಂತೆ ಒಳಗಿನ ಕೊಬ್ಬೂ ಕರಗಿ, ಕರುಳು ಜೋಡಿಸಿದಲ್ಲಿನ ಸಂದು ಅಗಲವಾಗುತ್ತದಂತೆ. ನನ್ನ ಕರುಳು ಅದರೊಳಗೆ ನುಸುಳಿ ಸಿಕ್ಕಿಕೊಂಡಿತ್ತು. ವರ್ಷಗಳಾದ ಮೇಲೂ ಹೀಗಾಗಬಹುದಂತೆ. ಇಪ್ಪತ್ತು ವರ್ಷ ಅಕ್ಷರ ತಿದ್ದಿಸಿದ ನಾನು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ. ಹೊಟ್ಟೆ ತೆರೆದು, ತಿರುಚಿದ್ದನ್ನು ಬಿಡಿಸಿ, ಸತ್ತಿದ್ದ ಒಂದು ಮೊಳ ಕರುಳು ಕತ್ತರಿಸಿ, ಸಂದು ಹೊಲಿದರು.

ಈಗ ಹೊಟ್ಟೆ ಗುಳುಗುಳು ಎಂದರೂ ಪಾಠ ನಿಲ್ಲಿಸಿ ಮೇಜು ಹಿಡಿದು ನಿಲ್ಲುತ್ತೇನೆ. ಕಳೆದ ವಾರ ತಾಳಿಕೋಟೆಯ ಸಿದ್ದಲಿಂಗವ್ವ ಎಂಬುವವಳು ನನ್ನನ್ನು ಹುಡುಕಿಕೊಂಡು ಬಂದಳು. ಅದೇ ಆಪರೇಷನ್ ಆಗಿ ಮೂರು ತಿಂಗಳು.

"ನನಗೂ ಹಂಗ ಆಕ್ಕೈತೇನ್ರಿ ಅಕ್ಕಾರ?"

"ಎಲ್ಲಾರಿಗೂ ಆಗಂಗಿಲ್ಲವ್ವಾ," ಎಂದೆ.

"ಹಂಗ ಆದ್ರ ಎಲ್ಲಿಗಿ ಓಡ್ಲಿ?"

ಅವಳಿಗೆ ಚಹಾ ಕೊಟ್ಟೆ. "ಸಾಹೇಬ್ರಿಗಿ ಬರದ ಕೇಳ್ತೀನಿ, ಮುಂದಿನ ವಾರ ಬಾರವ್ವಾ," ಎಂದೆ.

ಮಾನ್ಯರೇ, ಉತ್ತರ ತಾವು ಕೊಡಬೇಕು. ಇಂಥ ಆಪರೇಷನ್ ಆದವರು ಹೊಟ್ಟೆನೋವೆಂದು ಬಂದರೆ ಗ್ಯಾಸ್ ಎಂದು ಮನೆಗೆ ಕಳಿಸದೆ, ಅದೇ ತಾಸಿನಲ್ಲಿ ಸ್ಕ್ಯಾನಿಗೂ ಶಸ್ತ್ರವೈದ್ಯರ ಬಳಿಗೂ ಕಳಿಸಬೇಕೆಂದು ನಮ್ಮ ಪ್ರತಿ ತಾಲ್ಲೂಕು ಆಸ್ಪತ್ರೆಗೆ ಲಿಖಿತ ಆದೇಶ ಹೊರಡಿಸಿ. ಯಾವ ಆಸ್ಪತ್ರೆ, ಯಾವ ಫೋನ್ ನಂಬರ್ ಎಂದು ಬಾಗಿಲಿಗೆ ಅಂಟಿಸಿ. ಸಿದ್ದಲಿಂಗವ್ವ ನಾಡಿದ್ದು ಮತ್ತೆ ಬರುತ್ತಾಳೆ.

ಇಂತಿ,
ಒಂದು ಮೊಳ ಕಡಿಮೆಯಾಗಿ ಉಳಿದಿರುವ,
ಸುವರ್ಣಾ